ಗದ್ಗದ ಕಂಠದ ಸನ್ಮಾನ

ಡೊಂಬಿವಲಿಯಲ್ಲಿ ಕನ್ನಡಿಗರಾಗಿ ಬಾಳುವವರಿಗೆ ತಪ್ಪಿಸಿಕೊಳ್ಳಲಾಗದ ಸಂಗತಿಗಳು ಎರಡು. ಒಂದು ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲು, ಇನ್ನೊಂದು ಕನ್ನಡ ಸಂಘದ ಸನ್ಮಾನ. ಮುರಾರಿ ಸಾಲ್ಯಾನರು ಮೊದಲನೆಯದರಿಂದ ಎಂದೋ ಪಾರಾಗಿದ್ದರು. ಬೇಲಾಪುರದ ಕಚೇರಿಯೊಂದರಲ್ಲಿ ಅವರು ನಡೆಸುವ ಕ್ಯಾಂಟೀನಿಗೆ ಹೋಗಿಬರಲು ಸ್ವಂತ ಕಾರು ಇತ್ತು. ಎರಡನೆಯದು ಮಾತ್ರ ಅವರ ಕೈಗೆ ಸಿಗದೆ ಆಟವಾಡಿಸುತ್ತಿತ್ತು. ಸಂಘದ ಪ್ರತಿ ಕಾರ್ಯಕ್ರಮಕ್ಕೂ ಗೋಳಿಬಜೆ, ಚಹಾ ಕಳಿಸಿ, ಮುಂದಿನ ಸಾಲಿನಲ್ಲಿ ಕೂತು, ತನಗಿಂತ ಕಿರಿಯರ ಹೆಗಲಿಗೆ ಶಾಲು ಬೀಳುವುದನ್ನು ನೋಡಿ ಚಪ್ಪಾಳೆ ತಟ್ಟಿ ತಟ್ಟಿ ಅವರ ಅಂಗೈ ಸವೆದಿತ್ತು. ಹೀಗಿರಲು, ಈ ಸಲದ ರಾಜ್ಯೋತ್ಸವದಲ್ಲಿ ಸನ್ಮಾನ ನಿಮಗೇ ಎಂದು ಸಂಘದ ಅಧ್ಯಕ್ಷ ಅಮೃತಪ್ಪನವರು ಫೋನು ಮಾಡಿದರು. ಸಾಲ್ಯಾನರು ‘ಅಯ್ಯೋ, ನನಗೆಂಥಕ್ಕೆ’ ಎಂದು ಎರಡು ಸಲ ಹೇಳಿ, ಮೂರನೆಯ ಸಲ ಹೇಳಿದರೆ ಅಮೃತಪ್ಪ ನಿಜವೆಂದೇ ತಿಳಿದುಬಿಟ್ಟಾರು ಎಂದು ಹೆದರಿ ಕೂಡಲೇ ಒಪ್ಪಿಕೊಂಡರು.

ಹೆಂಡತಿ ಜಯಲತಾ ಇದನ್ನೆಲ್ಲ ಅಡುಗೆಮನೆಯಿಂದಲೇ ಕೇಳಿಸಿಕೊಂಡು ನಕ್ಕಳು. ಗಂಡನ ಬಡಾಯಿಯ ಮೇಲೆ ಅವಳಿಗೆ ಸಿಟ್ಟಿತ್ತು, ಗಂಡನ ಮೇಲೆ ಪ್ರೀತಿ ಇತ್ತು. ಒಂದನ್ನು ಇನ್ನೊಂದಕ್ಕೆ ತಾಗಿಸದೆ ಇಷ್ಟು ವರ್ಷ ಸಂಸಾರ ಮಾಡಿದ್ದಳು. ಅವಳ ಮನಸ್ಸಿನಲ್ಲಿ ಬಗೆಹರಿಯದೆ ಉಳಿದ ತಕರಾರು ಒಂದೇ ಒಂದು. ಅದು ಸಿಗಡಿಯದ್ದು.

ಹೋದ ವರ್ಷ ಸಾಲ್ಯಾನರು ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದರು. ದಂತವೈದ್ಯರು ಕೊಟ್ಟ ಮಾತ್ರೆ ತಿನ್ನುತ್ತಿದ್ದ ಹಾಗೆ, ಕೋರ್ಸು ಇನ್ನೇನು ಮುಗಿಯಬೇಕು ಎನ್ನುವಾಗ, ಮೈತುಂಬ ಕೆಂಪು ಗಂಧೆ ಎದ್ದು ಮೇಲ್ತುಟಿ ಒಂದು ಬದಿಗೆ ಊದಿಕೊಂಡಿತು. ಮಗಳು ಅನುಷ್ಕಾ ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು. ಅವಳು ಅಪ್ಪನ ಮುಖ ನೋಡಿದವಳೇ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ ಅಂದಳು. ಆದರೆ ಕರಾವಳಿಯವರ ಮನೆಯಲ್ಲಿ ಮೈ ತುರಿಸಿದರೆ ಕಾರಣ ಹುಡುಕುವ ಕ್ರಮವೇ ಬೇರೆ. ತಿಂದದ್ದರಲ್ಲಿ ಯಾವುದೋ ಒಂದು ಮೈಗೆ ಒಗ್ಗದೆ ವಿಷವಾಗಿದೆ, ಅದೇ ನಂಜು. ಯಾವುದು ನಂಜಾಯಿತೆಂದು ಕಂಡುಹಿಡಿದು ಪಥ್ಯ ಮಾಡಬೇಕು. ಊರು ಕಾಪುವಿನಿಂದ ಸಾಲ್ಯಾನರ ಅಕ್ಕ ಬದನೆ ಅಂದರು, ಠಾಣೆಯ ಭಾವ ಹಲಸಿನ ಹಪ್ಪಳ ಅಂದರು, ಪಕ್ಕದ ಫ್ಲ್ಯಾಟಿನವರು ಬಂಗುಡೆಯ ಮೇಲೆ ಸಂಶಯಪಟ್ಟರು. ಕೊನೆಗೆ ಹಿಂದಿನ ದಿನ ಮಾಡಿದ್ದ ಸಿಗಡಿ ಸುಕ್ಕವೇ ಅಪರಾಧಿ ಎಂದು ತೀರ್ಮಾನವಾಯಿತು. ಐವತ್ತೆಂಟು ವರ್ಷದಿಂದ ಸಾಲ್ಯಾನರ ಹೊಟ್ಟೆಯಲ್ಲಿ ನೆಮ್ಮದಿಯಾಗಿ ಕರಗುತ್ತಿದ್ದ ಸಿಗಡಿಗೆ ಆ ಒಂದು ದಿನ ಅದೇನು ದುರ್ಬುದ್ಧಿ ಬಂತೆಂದು ಯಾರೂ ಕೇಳಲಿಲ್ಲ.

ಮಗಳ ಹೊರತು ಮಾತ್ರೆಯ ಹೆಸರನ್ನು ಒಬ್ಬರಾದರೂ ಎತ್ತಬೇಕಲ್ಲ. ಮಾತ್ರೆ ಡಾಕ್ಟರು ಬರೆದದ್ದು, ಸಿಗಡಿ ಹೆಂಡತಿ ಬೇಯಿಸಿದ್ದು. ತಪ್ಪು ಯಾರದ್ದೆಂದು ಹೇಳಲು ಅಷ್ಟೇ ಸಾಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಮನೆಯಿಂದ ಸಿಗಡಿ, ಬದನೆ, ಬಂಗುಡೆ ಎಲ್ಲ ಹೊರಬಿದ್ದವು. ಮಾತ್ರೆಯನ್ನು ಮಾತ್ರ ಹೊತ್ತು ತಪ್ಪದೆ ಗಂಜಿಯ ಜೊತೆ ಕೊಡಲಾಯಿತು. ಪುಣ್ಯಕ್ಕೆ ಉಳಿದಿದ್ದದ್ದು ಎರಡೇ ಮಾತ್ರೆ. ಮಾತ್ರೆ ಮುಗಿಯಿತು, ಗಂಧೆಯೂ ಅಡಗಿತು, ಕೀರ್ತಿ ಪಥ್ಯಕ್ಕೆ ಹೋಯಿತು. ಬಂಗುಡೆಗೂ ಬದನೆಗೂ ತಿಂಗಳೊಳಗೆ ಮಾಫಿ ಸಿಕ್ಕಿತು, ಸಿಗಡಿಗೆ ಸಿಗಲಿಲ್ಲ. ಸಿಗಡಿಯೆಂದರೆ ಪ್ರಾಣ ಬಿಡುವ ಜಯಲತಾ ಅಂದಿನಿಂದ ಮೀನು ಮಾರುಕಟ್ಟೆಯಲ್ಲಿ ಆ ಬುಟ್ಟಿಯಿಂದ ಮುಖ ತಿರುಗಿಸಿ ನಡೆಯುತ್ತಿದ್ದಳು. ಮಗಳು ಹೇಳಿದ್ದೇ ಸರಿಯಿರಬೇಕು ಎಂದು ಅವಳಿಗೆ ಆಗಲೇ ಅನಿಸಿತ್ತು. ಅನಿಸಿದ್ದನ್ನು ಒಂದು ಸಲ ಆಡಿಯೂ ನೋಡಿದ್ದಳು. ಡಾಕ್ಟರು ಕೊಟ್ಟದ್ದು ನಂಜಾಗುವುದಾದರೆ ಇನ್ನು ಊಟವೇ ನಂಜು ಎಂದು ಸಾಲ್ಯಾನರು ನಕ್ಕುಬಿಟ್ಟಿದ್ದರು.

ಈಗ ಸನ್ಮಾನಕ್ಕೆ ಒಂದು ದಿನವಿದೆ ಎನ್ನುವಾಗ ಸಾಲ್ಯಾನರ ಗಂಟಲು ಕೆಟ್ಟಿತು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಕೃತಜ್ಞತಾ ಭಾಷಣವನ್ನು ಅಭ್ಯಾಸ ಮಾಡಿದ್ದರ ಫಲ. ಬೆಳಿಗ್ಗೆ ಎದ್ದರೆ ಜ್ವರ, ಎಂಜಲು ನುಂಗಿದರೆ ನೋವು. ಉಪ್ಪುನೀರು, ಕಾಳುಮೆಣಸಿನ ಕಷಾಯ ಯಾವುದಕ್ಕೂ ಜಗ್ಗದಿದ್ದಾಗ ಕಾರ್ಯಕ್ರಮದ ದಿನವೇ ಮಧ್ಯಾಹ್ನ ಗಂಡಹೆಂಡಿರು ಬೀದಿಯ ತುದಿಯ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಬರೆಯುವ ಮೊದಲು ಯಾವುದಾದರೂ ಔಷಧಿಯ ಅಲರ್ಜಿ ಇದೆಯೇ ಎಂದು ಕೇಳಿದರು.

ಅಲರ್ಜಿ ಎಂದರೆ ಠಾಣೆಯ ಘೋಡಬಂದರ್ ರಸ್ತೆಯ ಟವರುಗಳಲ್ಲಿ ಎಸಿಯ ಗಾಳಿಯಲ್ಲಿ ಬೆಳೆದ ಮಕ್ಕಳಿಗೆ ಬರುವ ಶೋಕಿ ಎಂದು ಸಾಲ್ಯಾನರ ಅಭಿಪ್ರಾಯ. ಕಾಪುವಿನ ಕಡಲಲ್ಲಿ ಮಿಂದವರಿಗೆ ಅದೆಲ್ಲ ಎಲ್ಲಿಂದ. ತನಗೆ ಆಗದ್ದು ಸಿಗಡಿಯೊಂದೇ, ಔಷಧಿಯೆಂದು ಕಲ್ಲು ಕೊಟ್ಟರೂ ಅರಗಿಸಿಕೊಳ್ಳುತ್ತೇನೆ ಎಂದು ಎದೆಯುಬ್ಬಿಸಿ ಹೇಳಿದರು. ಜಯಲತಾ ‘ಹೋದ ವರ್ಷ ಹಲ್ಲಿನ ಮಾತ್ರೆ...’ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಕಡೆಗೊಂದು ನೋಟ ಬೀರಿದರು. ಆ ನೋಟದ ಅರ್ಥ ಅವಳಿಗೆ ಗೊತ್ತಿತ್ತು: ಹೊರಗಿನವರ ಎದುರು ಗಂಡನ ಮಾತಿಗೆ ತಿದ್ದುಪಡಿ ಹಾಕಬಾರದು. ಅವಳು ಬಾಯಿ ಮುಚ್ಚಿದಳು. ಆ ಬಾಯಿ ಮುಚ್ಚಿದ್ದಕ್ಕೆ ಸಂಜೆಯೊಳಗೆ ಅವಳು ತನ್ನನ್ನೇ ಬೈದುಕೊಳ್ಳುವವಳಿದ್ದಳು.

ಸಂಜೆ ಡೊಂಬಿವಲಿ ಪೂರ್ವದ ಸಭಾಗೃಹ ತುಂಬಿತ್ತು. ಕಲ್ಯಾಣದಿಂದ ಧಾರವಾಡ ಸೀಮೆಯವರು, ಠಾಣೆಯಿಂದ ಉಡುಪಿಯವರು, ದಿವಾದಿಂದ ಎರಡೂ ಕಡೆಯವರು ಬಂದಿದ್ದರು. ವೇದಿಕೆಯ ಹಿಂದಿನ ಕೋಣೆಯಲ್ಲಿ ಸಾಲ್ಯಾನರು ತಮ್ಮದೇ ಕ್ಯಾಂಟೀನಿನ ಗೋಳಿಬಜೆ ತಿಂದು, ಸ್ಟ್ರಿಪ್ಪಿನಿಂದ ಮೊದಲ ಗುಳಿಗೆ ಬಿಡಿಸಿ ಚಹಾದೊಂದಿಗೆ ನುಂಗಿದರು. ಇದು ಹೋದ ವರ್ಷದ್ದೇ ಮಾತ್ರೆಯಾ ಎಂದು ಜಯಲತಾ ಕೇಳಿದಳು. ಅದು ಕೆಂಪು, ಇದು ಬಿಳಿ, ಕಂಪನಿಯೇ ಬೇರೆ ಎಂದು ಅವರು ಉತ್ತರಿಸಿದರು. ಕಂಪನಿ ಬೇರೆಯಾದರೂ ಒಳಗಿರುವ ಮದ್ದು ಒಂದೇ ಆಗಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ರೇಷ್ಮೆ ಜುಬ್ಬಕ್ಕೆ ಜೇಬಿಲ್ಲದ್ದರಿಂದ ಸ್ಟ್ರಿಪ್ಪು ಜಯಲತಾಳ ಪರ್ಸಿಗೆ ಸೇರಿತು.

ವೇದಿಕೆಯಲ್ಲಿ ದಂಪತಿಗೆ ಸಿಂಹಾಸನದಂಥ ಎರಡು ಕುರ್ಚಿಗಳು. ಒಂದು ಪಕ್ಕದಲ್ಲಿ ಭುವನೇಶ್ವರಿಯ ದೊಡ್ಡ ಚಿತ್ರ, ಅದರ ಮುಂದೆ ದೀಪ. ಇನ್ನೊಂದು ಪಕ್ಕದಲ್ಲಿ ಗಣ್ಯರು. ಹೆಸರಿನ ಹಿಂದೆ ಡಾಕ್ಟರು ಎಂದಿದ್ದವರೇ ಮೂವರು. ಒಬ್ಬರು ಹಳಗನ್ನಡದಲ್ಲಿ, ಒಬ್ಬರು ಸಹಕಾರ ಕ್ಷೇತ್ರದಲ್ಲಿ, ಮೂರನೆಯವರು ಯಾವುದರಲ್ಲಿ ಎಂದು ಅವರಿಗೇ ನೆನಪಿರಲಿಲ್ಲ. ಸನ್ಮಾನದ ಪದ್ಧತಿಯಂತೆ ಸಾಲ್ಯಾನರ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು, ಹೆಗಲಿಗೆ ಶಾಲು ಬಂತು, ಜಯಲತಾಳ ಮಡಿಲಿಗೆ ಹಣ್ಣಿನ ಬುಟ್ಟಿ ಬಂತು. ಫೋಟೋ ಮುಗಿಯುವ ತನಕ ಆ ಬುಟ್ಟಿಯನ್ನು ಕೆಳಗಿಡುವಂತಿಲ್ಲ. ಅದರ ಪಾರದರ್ಶಕ ಹಾಳೆಯ ಆಚೆ ಅವಳ ಮುಖ ಸಭೆಗೆ ಅರ್ಧವೇ ಕಾಣುತ್ತಿತ್ತು. ಹೆಂಡಂದಿರಿಗೆ ವೇದಿಕೆಯಲ್ಲಿ ಕೊಡುವ ಕೆಲಸ ಅಷ್ಟೇ.

ಅಮೃತಪ್ಪನವರು ತಾವೇ ಬರೆದ ಅಭಿನಂದನಾ ಪತ್ರವನ್ನು, ಗಾಜು ಹಾಕಿದ ಚೌಕಟ್ಟಿನೊಂದಿಗೆ ಎತ್ತಿ ಹಿಡಿದು, ಓದಲು ನಿಂತರು. ‘ಕನ್ನಡಾಂಬೆಯ ಹೆಮ್ಮೆಯ ಕುವರ, ಅನ್ನದಾನ ಧುರಂಧರ, ಸ್ನೇಹಸಿಂಧು, ಪಡುಗಡಲ ಅನರ್ಘ್ಯ ಮುತ್ತು...’ ದುಡ್ಡು ಕೊಡದೆ ಸಾಲ್ಯಾನರ ಕ್ಯಾಂಟೀನಿನಲ್ಲಿ ಒಂದು ಇಡ್ಲಿ ತಿಂದವರಿಲ್ಲ, ಆದರೂ ಅನ್ನದಾನ. ಜಯಲತಾಳಿಗೆ ನಗು ಬಂತು. ನಗು ಅಡಗಿಸಲು ಪಕ್ಕಕ್ಕೆ ತಿರುಗಿದಾಗ ಗಂಡ ಅಂಗೈ ಕೆರೆದುಕೊಳ್ಳುತ್ತಿದ್ದದ್ದು ಕಂಡಿತು.

ಸಾಲ್ಯಾನರು ಅವಳತ್ತ ವಾಲಿ, ಬಲ ಅಂಗೈ ತುರಿಸುತ್ತಿದೆ, ಎಲ್ಲಿಂದಲೋ ಲಕ್ಷ್ಮಿ ಬರುವ ಸೂಚನೆ ಎಂದು ಪಿಸುಗುಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ಎಡ ಅಂಗೈ ತುರಿಸಿತು, ಮತ್ತೆ ಕಿವಿ, ಮತ್ತೆ ಕುತ್ತಿಗೆ. ಲಕ್ಷ್ಮಿ ಇಷ್ಟು ದಾರಿಗಳಿಂದ ಬರುವುದಿಲ್ಲ. ಮುಖ ಕೆಂಪಾಗುತ್ತ ಬಂತು. ಮುಂದಿನ ಸಾಲಿನಲ್ಲಿ ಯಾರೋ, ಸಾಲ್ಯಾನರ ಮುಖದಲ್ಲಿ ಇವತ್ತು ಏನು ಕಳೆ ನೋಡಿ ಅಂದದ್ದು ಜಯಲತಾಳ ಕಿವಿಗೆ ಬಿತ್ತು. ಸಾಲ್ಯಾನರ ಕಣ್ಣಿನಿಂದ ನೀರು ಸುರಿಯತೊಡಗಿತು. ನಿರೂಪಕಿ ಜ್ಯೋತ್ಸ್ನಾ ತನ್ನ ಮೈಕಿನಲ್ಲಿ ಮೆಲ್ಲಗೆ, ತವರಿನ ನೆನಪಿನಿಂದ ಹಿರಿಯರ ಕಣ್ಣು ತೇವಗೊಂಡಿದೆ ಎಂದಳು. ಸಭೆಯಲ್ಲಿ ಕೆಲವರು ಕರವಸ್ತ್ರ ತೆಗೆದರು.

ಜಯಲತಾ ಗಂಡನ ಮುಖವನ್ನೇ ದಿಟ್ಟಿಸಿದಳು. ಮೇಲ್ತುಟಿ ಊದುತ್ತಿತ್ತು. ಹೋದ ವರ್ಷ ಊದಿದ ಅದೇ ಬದಿ. ಹೋದ ವರ್ಷ ಹಲ್ಲಿನ ಮಾತ್ರೆ, ಈ ವರ್ಷ ಗಂಟಲಿನ ಮಾತ್ರೆ, ನಡುವೆ ಒಂದೇ ಒಂದು ಸಿಗಡಿಯೂ ಇಲ್ಲ. ಅವಳು ಹಣ್ಣಿನ ಬುಟ್ಟಿಯ ಮರೆಯಲ್ಲಿ ಗಂಡನ ಮೊಣಕೈ ಹಿಡಿದು, ತುಳುವಿನಲ್ಲಿ, ‘ಲಕ್ಕ್‌ಲೆ, ಪೋಯಿ’ ಎಂದಳು. ಏಳಿ, ಹೋಗೋಣ. ಸಾಲ್ಯಾನರು ತಲೆಯಾಡಿಸಿ, ಪೇಟ ಬಾಕಿ ಇದೆ ಎಂದು ಸನ್ನೆ ಮಾಡಿದರು. ಮೈಸೂರು ಪೇಟ ತಲೆಗೇರುವ ಮುಂಚೆ ಸನ್ಮಾನದಿಂದ ಎದ್ದು ಹೋದವನೆಂಬ ಹೆಸರು ಬಂದರೆ ಮುಗಿಯಿತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಅವಳು ಅಮೃತಪ್ಪನವರಿಗೆ ಕೈಸನ್ನೆ ಮಾಡಿದಳು. ಬುಟ್ಟಿ ಭಾರವಾಗಿರಬೇಕೆಂದು ತಿಳಿದ ಅವರು, ಇನ್ನೇನು ಮುಗಿಯಿತು ಎಂದು ಕಣ್ಣಲ್ಲೇ ಸಮಾಧಾನ ಹೇಳಿ, ಇನ್ನೂ ನಾಲ್ಕು ವಿಶೇಷಣಗಳನ್ನು ನಿಧಾನವಾಗಿ ಓದಿದರು. ಹಳಗನ್ನಡದ ಡಾಕ್ಟರನ್ನು ನೋಡಿದಳು, ಅವರು ನಿದ್ದೆಯಲ್ಲಿದ್ದರು. ಆಗ ಏಳಬೇಕಿತ್ತು, ಕೂಗಬೇಕಿತ್ತು. ಆದರೆ ಸಾವಿರ ಕಣ್ಣುಗಳ ಎದುರು ಕಾರ್ಯಕ್ರಮ ಕೆಡಿಸಿದವಳು ಎನಿಸಿಕೊಳ್ಳುವ ಭಯ ಅವಳನ್ನು ಕುರ್ಚಿಗೆ ಅಂಟಿಸಿತು. ಮರ್ಯಾದೆಯೆಂಬುದು ಎಂಥ ಹೊತ್ತಿನಲ್ಲಿ ಬಂದು ಕಾಲು ಹಿಡಿಯುತ್ತದೆ ನೋಡಿ.

ಸಾಲ್ಯಾನರನ್ನು ಮಾತಾಡಲು ಕರೆದರು. ಪೇಟ ಭಾಷಣದ ನಂತರ ಎಂದು ಕಾರ್ಯಕ್ರಮ ಬದಲಾಗಿತ್ತು. ಅವರು ಕುರ್ಚಿಯ ಕೈ ಹಿಡಿದು ಎದ್ದು, ಮೈಕಿನ ಮುಂದೆ ನಿಂತು, ‘ಬಂಧುಗಳೇ’ ಎಂದರು. ಸ್ವರ ಯಾರದ್ದೋ ಆಗಿತ್ತು, ಒಡೆದು ಕರಕರ ಎನ್ನುತ್ತಿತ್ತು. ‘ನನಗೆ... ಮಾತೇ...’ ಎಂದು ನಿಲ್ಲಿಸಿದರು. ಗಂಟಲನ್ನು ಕೈಯಲ್ಲಿ ಹಿಡಿದುಕೊಂಡರು. ಉಸಿರು ಸೀಟಿಯಂತೆ ಕೂಗುತ್ತಿತ್ತು, ಮೈಕು ಅದನ್ನು ಸಭಾಗೃಹಕ್ಕೆಲ್ಲ ಹಂಚಿತು. ಗದ್ಗದ ಕಂಠವೆಂಬುದನ್ನು ವರ್ಷಗಟ್ಟಲೆ ವರದಿಗಳಲ್ಲಿ ಬರೆದವರೇ ಹೊರತು ಸಂಘದವರು ಯಾರೂ ನಿಜವಾದದ್ದನ್ನು ಕೇಳಿರಲಿಲ್ಲ. ಈಗ ಕೇಳಿ ಧನ್ಯರಾದರು. ಚಪ್ಪಾಳೆ ಬಿತ್ತು. ಸಾಲ್ಯಾನರು ಒಂದು ಹೆಜ್ಜೆ ಪಕ್ಕಕ್ಕೆ ತೂಗಾಡಿ, ಮೊಣಕಾಲು ಕುಸಿದು, ಕೈ ಮುಂದೆ ಚಾಚಿ, ನೇರ ಭುವನೇಶ್ವರಿಯ ಚಿತ್ರದ ಮುಂದೆ ಉದ್ದಕ್ಕೆ ಬಿದ್ದರು.

‘ಸಾಷ್ಟಾಂಗ ನಮಸ್ಕಾರ,’ ಎಂದು ಜ್ಯೋತ್ಸ್ನಾ ಘೋಷಿಸಿದಳು. ‘ತಾಯಿ ಭುವನೇಶ್ವರಿಗೆ ಸಾಷ್ಟಾಂಗ ನಮಸ್ಕಾರ.’

ಸಭೆ ಎದ್ದು ನಿಂತಿತು. ಅಂಥ ಚಪ್ಪಾಳೆ ಆ ಸಭಾಗೃಹದಲ್ಲಿ ಹಿಂದೆ ಬಿದ್ದಿರಲಿಲ್ಲ. ಜನ ಮೊಬೈಲ್ ಎತ್ತಿ ಚಿತ್ರೀಕರಿಸಿದರು. ಕೆಳಗೆ ಬಿದ್ದವನ ಬೆರಳು ನೆಲ ಕೆರೆಯುತ್ತಿದ್ದದ್ದು ಕಂಡದ್ದು ಒಬ್ಬಳಿಗೆ ಮಾತ್ರ. ಅವಳು ಎದ್ದಳು. ಬುಟ್ಟಿ ಮಡಿಲಿನಿಂದ ಜಾರಿ ಅಮೃತಪ್ಪನವರ ಕೈಯ ಚೌಕಟ್ಟಿಗೆ ಬಡಿದು, ಗಾಜು ಚೂರಾಗಿ, ಸೇಬು ಮೋಸಂಬಿಗಳು ಗಣ್ಯರ ಕಾಲಡಿ ಉರುಳಿದವು. ಹಳಗನ್ನಡದ ಡಾಕ್ಟರು ಎಚ್ಚರಗೊಂಡು ಚಪ್ಪಾಳೆ ತಟ್ಟಿದರು. ಜಯಲತಾ ನಿರೂಪಕಿಯ ಕೈಯಿಂದ ಮೈಕು ಕಸಿದುಕೊಂಡಳು. ಜೀವಮಾನದಲ್ಲಿ ಮೊದಲ ಸಲ ಮೈಕು ಹಿಡಿದದ್ದು.

‘ಇದು ನಮಸ್ಕಾರ ಅಲ್ಲ,’ ಎಂದಳು. ‘ಇವರಿಗೆ ಮಾತ್ರೆ ಆಗಲಿಲ್ಲ. ಉಸಿರು ಕಟ್ತಾ ಉಂಟು. ಚಪ್ಪಾಳೆ ನಿಲ್ಲಿಸಿ, ಗಾಡಿ ತರಿಸಿ.’

ಚಪ್ಪಾಳೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು, ಹಿಂದಿನ ಸಾಲಿನವರಿಗೆ ಯಾವಾಗಲೂ ಎಲ್ಲವೂ ತಡ. ನಿಂತ ಮೇಲೆ ವೈದ್ಯಕೀಯ ಶುರುವಾಯಿತು. ಪಿತ್ತ ತಲೆಗೇರಿದೆ ಎಂದು ಒಬ್ಬರು ನಿಂಬೆ ಪಾನಕ ತಂದರು, ಇನ್ನೊಬ್ಬರು ಈರುಳ್ಳಿ ಮೂಸಿಸಲು ಅಡುಗೆಯವರತ್ತ ಓಡಿದರು, ಮತ್ತೊಬ್ಬರು ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿದರು. ಅಮೃತಪ್ಪನವರು, ಎಬ್ಬಿಸಿ ನಿಲ್ಲಿಸ್ರಿ, ಹೊರಗ ನಾಲ್ಕ ಹೆಜ್ಜಿ ಅಡ್ಡಾಡಿದ್ರ ಸರಿ ಹೋಗತೈತಿ ಎಂದು ಸಲಹೆ ಕೊಟ್ಟರು. ಅನುಷ್ಕಾ ಸಭೆಯ ನಡುವಿನಿಂದ ಕುರ್ಚಿಗಳನ್ನು ತಳ್ಳುತ್ತ ಓಡಿ ಬಂದು ಪಾನಕದ ಲೋಟವನ್ನು ತಳ್ಳಿದಳು. ‘ಮುಹ್ ಮೇ ಕುಛ್ ಮತ್ ಡಾಲೋ. ಖಡಾ ಮತ್ ಕರೋ,’ ಎಂದು ಅಪ್ಪನ ತಲೆ ಹಿಡಿದಳು. ಬಾಯಿಗೆ ಏನೂ ಹಾಕಬೇಡಿ, ನಿಲ್ಲಿಸಬೇಡಿ. ಹೊಸ ಕನ್ನಡ ಪೀಳಿಗೆ ಕನ್ನಡ ಮಾತಾಡುವುದಿಲ್ಲವೆಂದು ಆ ಸಂಜೆಯಷ್ಟೇ ವೇದಿಕೆಯಲ್ಲಿ ಮರುಗಿದವರು, ಆ ಪೀಳಿಗೆಯ ಹಿಂದಿಗೆ ತೆಪ್ಪಗೆ ದಾರಿ ಬಿಟ್ಟರು. ನಾಲ್ಕು ಜನ ಸಾಲ್ಯಾನರನ್ನು ಎತ್ತಿಕೊಂಡು ಹೋಗಿ ಅಮೃತಪ್ಪನವರದೇ ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿದರು.

ಆಸ್ಪತ್ರೆ ದೂರವಿರಲಿಲ್ಲ. ದೂರವಿದ್ದಿದ್ದರೆ ಈ ಕಥೆಯನ್ನು ಹೀಗೆ ನಗುತ್ತ ಹೇಳುವಂತಿರಲಿಲ್ಲ. ಕ್ಯಾಜುವಾಲ್ಟಿಯ ತರುಣಿ ಡಾಕ್ಟರ್ ಊದಿದ ತುಟಿ, ಮೈಮೇಲಿನ ಗಂಧೆ ನೋಡಿ, ಸೀಟಿಯ ಉಸಿರು ಕೇಳಿ, ಒಂದೇ ಪ್ರಶ್ನೆ ಕೇಳಿದಳು: ಏನು ತಿಂದರು, ಯಾವ ಔಷಧಿ. ಜಯಲತಾ ಪರ್ಸಿನಿಂದ ಸ್ಟ್ರಿಪ್ಪು ತೆಗೆದು ಕೈಗಿಟ್ಟಳು. ಡಾಕ್ಟರ್ ಅದರ ಹೆಸರು ಓದುತ್ತಲೇ ರೇಷ್ಮೆ ಪಂಚೆ ಸರಿಸಿ ತೊಡೆಗೆ ಅಡ್ರಿನಾಲಿನ್ ಚುಚ್ಚಿದಳು, ಆಮ್ಲಜನಕ ಹಾಕಿಸಿದಳು, ಸ್ವಲ್ಪ ತಡೆದು ಇನ್ನೊಂದು ಸಲ ಚುಚ್ಚಿದಳು. ಉಸಿರಿನ ಸೀಟಿ ನಿಧಾನಕ್ಕೆ ಇಳಿಯಿತು. ಅಷ್ಟು ಹೊತ್ತು ಜಯಲತಾ ಗೋಡೆ ಹಿಡಿದು ನಿಂತು, ಮಧ್ಯಾಹ್ನ ಮುಚ್ಚಿದ ತನ್ನ ಬಾಯಿಯನ್ನು ಶಪಿಸುತ್ತಿದ್ದಳು. ಇವರೊಬ್ಬರು ಬದುಕಲಿ, ಇನ್ನು ಯಾವ ಹೊರಗಿನವರ ಎದುರೂ ನಾನು ಸುಮ್ಮನಿರುವುದಿಲ್ಲ ಎಂದು ಕಾಪುವಿನ ಮಾರಿಯಮ್ಮನಿಗೆ ಮಾತು ಕೊಟ್ಟಳು.

ಸಾಲ್ಯಾನರು ಕಣ್ಣು ಬಿಟ್ಟ ಮೇಲೆ ಡಾಕ್ಟರ್ ತಾಯಿಮಗಳನ್ನು ಕೂರಿಸಿಕೊಂಡು, ಹೋದ ವರ್ಷದ ಗಂಧೆಯ ಸಂಗತಿ ಕೇಳಿ, ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಆ ಮಾತ್ರೆಯೂ ಹೋದ ವರ್ಷದ ಮಾತ್ರೆಯೂ ಒಂದೇ ಮದ್ದು ಇರಬೇಕು, ಅಮಾಕ್ಸಿಸಿಲಿನ್. ಮೊದಲ ಸಲ ಮೈ ಎಚ್ಚರಿಕೆ ಕೊಟ್ಟಿತ್ತು. ಔಷಧಿ ತಿಂದ ಮೇಲೆ ಮೈ ತುರಿಸಿ ಗಂಧೆ ಎದ್ದು, ಅದರ ಜೊತೆಗೆ ತುಟಿ ನಾಲಗೆ ಊದಿದರೆ, ಸ್ವರ ಕಟ್ಟಿದರೆ, ಉಸಿರು ಸೀಟಿ ಹೊಡೆದರೆ, ತಲೆ ತಿರುಗಿದರೆ, ಪಾನಕ ಪಥ್ಯ ಎಂದು ಕೂರದೆ ನೇರ ಆಸ್ಪತ್ರೆಗೆ ಬರಬೇಕು. ಇನ್ನು ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಹೇಳಬೇಕಾದದ್ದು ಇದೇ, ಮುಂದಿನ ಸಲ ಇಷ್ಟು ಸಮಯ ಸಿಗದಿರಬಹುದು. ಹೀಗೆ ಹೇಳಿ, ಜೇಬಿನಲ್ಲಿಟ್ಟುಕೊಳ್ಳಲು ಒಂದು ಕೆಂಪು ಕಾರ್ಡು ಬರೆದುಕೊಟ್ಟಳು.

ಮರುದಿನ ವಾರ್ಡಿನಲ್ಲಿ ಸಾಲ್ಯಾನರು ಆ ಕಾರ್ಡನ್ನು ದಿಂಬಿನಡಿ ತೂರಿಸಿ ಮೊಬೈಲ್ ಹಿಡಿದಿದ್ದರು. ಸಂಘದ ವಾಟ್ಸಾಪ್ ಗುಂಪಿನಲ್ಲಿ ವರದಿ ಬಂದಿತ್ತು: ‘ಕನ್ನಡಾಭಿಮಾನದ ಭಾವಪರವಶತೆಯಲ್ಲಿ ತಾಯಿಯ ಪದತಲದಲ್ಲಿ ಕುಸಿದ ಸಾಲ್ಯಾನರು’. ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ನೋಡಲು ಬಂದ ಠಾಣೆಯ ಭಾವನಿಗೆ ಅವರು, ಹೌದು, ಊರು ನೆನಪಾಗಿ ತಡೆಯಲಿಕ್ಕೇ ಆಗಲಿಲ್ಲ ಎಂದು ಇನ್ನೂ ಪೂರ್ತಿ ತೆರೆಯದ ಸ್ವರದಲ್ಲಿ ಹೇಳುತ್ತಿದ್ದದ್ದನ್ನು ಜಯಲತಾ ಬಾಗಿಲಲ್ಲಿ ನಿಂತು ಕೇಳಿದಳು. ಭಾವ ಹೋದ ಮೇಲೆ ಇದೇನು ಎಂದು ಕೇಳಿದಾಗ, ಮಾತ್ರೆ ಸಂಗತಿ ಹೊರಗೆ ಹೇಳಬೇಡ ಎಂದು ಅವರು ಹೆಂಡತಿಗೇ ಬುದ್ಧಿ ಹೇಳಿದರು. ಒಂದು ಚಿಕ್ಕ ಗುಳಿಗೆಗೆ ಅಡ್ಡಬಿದ್ದವನೆಂದು ಜನ ನಗುತ್ತಾರೆ. ಕನ್ನಡಕ್ಕೆ ಅಡ್ಡಬಿದ್ದೆನೆಂದರೆ ಒಂದು ಘನತೆ.

ಜಯಲತಾ ಅಲ್ಲಿಯವರೆಗೆ ತಡೆದಿದ್ದ ಸಿಟ್ಟನ್ನು ಇನ್ನು ತಡೆಯಲಿಲ್ಲ.

‘ನಿಮ್ಮ ಘನತೆಗೆ ನಾನು ಕುಂಕುಮ ಅಳಿಸಿಕೊಳ್ಬೇಕಾ?’ ಎಂದಳು. ‘ನಿನ್ನೆ ನೀವು ನೆಲ ಕೆರೀತಾ ಇದ್ರಿ. ಜನ ಫೋಟೋ ತೆಗೀತಾ ಇದ್ರು. ನಾನು ನೋಡಿದ್ದೇನೆ, ನೀವು ನೋಡಲಿಲ್ಲ.’

ಸಾಲ್ಯಾನರು ಗೋಡೆಯ ಕಡೆ ಹೊರಳಿದರು. ಅವರಿಗೆ ನಾಚಿಕೆಯೂ ಆಗಿತ್ತು, ಹೆದರಿಕೆಯೂ ಆಗಿತ್ತು. ಎರಡನ್ನೂ ಒಪ್ಪಿಕೊಳ್ಳುವ ಅಭ್ಯಾಸವಿರಲಿಲ್ಲ. ಈ ಮನುಷ್ಯ ನಾಳೆ ಇನ್ನೊಬ್ಬ ಡಾಕ್ಟರ ಮುಂದೆ ಎದೆಯುಬ್ಬಿಸಿ, ನನಗೆಂಥ ಅಲರ್ಜಿಯೂ ಇಲ್ಲ ಎನ್ನುವುದು ಖಂಡಿತ ಎಂದು ಜಯಲತಾಳಿಗೆ ಗೊತ್ತಾಯಿತು. ಕೆಂಪು ಕಾರ್ಡು ದಿಂಬಿನಡಿಯಿಂದ ಕಸದ ಡ್ರಮ್ಮಿಗೆ ಹೋಗುವುದೂ ಖಂಡಿತ. ಎಲ್ಲ ಕಡೆ ಎಲ್ಲ ಹೊತ್ತಿನಲ್ಲಿ ತಾನು ಜೊತೆಗಿರಲು ಸಾಧ್ಯವೇ. ಅವಳಿಗೆ ಅಳು ಬಂತು.

ಅದೇ ಹೊತ್ತಿಗೆ ಅಮೃತಪ್ಪನವರು ಬಂದರು. ಕೈಯಲ್ಲಿ ಪೇಟದ ಡಬ್ಬಿ, ಹಿಂದೆ ಜ್ಯೋತ್ಸ್ನಾ, ಅವಳ ಹಿಂದೆ ಫೋಟೋದವ. ಅರ್ಧಕ್ಕೆ ನಿಂತ ಸನ್ಮಾನ ಸಂಘಕ್ಕೆ ಶ್ರೇಯಸ್ಸಲ್ಲವಂತೆ, ಪೇಟ ಇಲ್ಲೇ ಹಾಸಿಗೆಯ ಮೇಲೆ ತೊಡಿಸಿ ಮುಗಿಸುತ್ತಾರಂತೆ. ಅಭಿನಂದನಾ ಪತ್ರಕ್ಕೆ ಪಾನಕ ಚೆಲ್ಲಿ ಹಾಳಾಗಿದ್ದರಿಂದ ಅದನ್ನು ಹೊಸದಾಗಿ ಮುದ್ರಿಸಿ ಕಟ್ಟು ಹಾಕಿಸಿ ವಾರದಲ್ಲಿ ಮನೆಗೆ ತಲುಪಿಸುತ್ತಾರಂತೆ. ಸಾಲ್ಯಾನರು ಗೋಡೆಯಿಂದ ಇತ್ತ ಹೊರಳಿ ಎದ್ದು ಕೂತು ತಲೆಕೂದಲು ಸರಿಮಾಡಿಕೊಂಡರು. ಅದನ್ನು ನೋಡಿದ ಜಯಲತಾಳ ಅಳು ನಿಂತಿತು. ಗಂಡ ಕಾರ್ಡು ಎಸೆದಾನು, ಹೆಂಡತಿಯ ಮಾತು ಎಸೆದಾನು, ಅಭಿನಂದನಾ ಪತ್ರ ಎಸೆಯುವವನಲ್ಲ.

ಅವಳು ಬಾಗಿಲಿಗೆ ಅಡ್ಡ ನಿಂತು ಅಮೃತಪ್ಪನವರಿಗೆ ಹೇಳಿದಳು: ಹೊಸ ಪತ್ರದಲ್ಲಿ ಒಂದು ಸಾಲು ಸೇರಬೇಕು, ಇವರಿಗೆ ಅಮಾಕ್ಸಿಸಿಲಿನ್ ಮಾತ್ರೆ ಆಗುವುದಿಲ್ಲ, ತಿಂದರೆ ಉಸಿರು ಕಟ್ಟುತ್ತದೆ. ಅದಿಲ್ಲದಿದ್ದರೆ ಪೇಟವೂ ಬೇಡ, ಸನ್ಮಾನವೂ ಬೇಡ. ಅಮೃತಪ್ಪನವರು ನಲವತ್ತು ಅಭಿನಂದನಾ ಪತ್ರ ಬರೆದವರು, ಇಂಥ ಬೇಡಿಕೆ ಕೇಳಿದವರಲ್ಲ.

‘ಅಕ್ಕಾರ, ಬರೀಬಹುದ್ರಿ, ಆದರ ಸ್ವಲ್ಪ ಚಂದ ಮಾಡಿ,’ ಎಂದರು. ‘ಅಮಾಕ್ಸಿಸಿಲಿನ್ ನಾಮಕ ಔಷಧವು ಇವರ ಶರೀರಪ್ರಕೃತಿಗೆ ವರ್ಜ್ಯವಾಗಿರುತ್ತದೆ, ಅಂತ ಹಾಕೂಣೇನ್ರಿ?’

‘ಬೇಡ. ಅದು ಅರ್ಥ ಆಗುವಷ್ಟರಲ್ಲಿ ಇವರು ಇರುದಿಲ್ಲ. ನಾನು ಹೇಳಿದ ಹಾಗೇ ಹಾಕಿ. ಹೆಸರು ಇಂಗ್ಲಿಷಿನಲ್ಲೂ ಇರಲಿ, ದಪ್ಪ ಅಕ್ಷರದಲ್ಲಿ.’

ಸಾಲ್ಯಾನರು ಹೆಂಡತಿಯನ್ನೊಮ್ಮೆ, ಪೇಟದ ಡಬ್ಬಿಯನ್ನೊಮ್ಮೆ ನೋಡಿದರು. ಹಳೆಯ ನೋಟವನ್ನು ಬೀರಿಯೂ ನೋಡಿದರು, ಈ ಸಲ ಅದು ನಾಟಲಿಲ್ಲ. ಕೊನೆಗೆ ಪೇಟ ಗೆದ್ದಿತು.

ಪತ್ರ ಬಂತು. ಹಾಲಿನ ಗೋಡೆಯಲ್ಲಿ, ದೇವರ ಫೋಟೋಕ್ಕಿಂತ ಒಂದು ಗೇಣು ಕೆಳಗೆ, ಒಂದು ಗೇಣು ದೊಡ್ಡದಾಗಿ ನೆಲೆಸಿತು. ಬಂದವರಿಗೆಲ್ಲ ಸಾಲ್ಯಾನರು ಅದನ್ನು ಓದಿ ಹೇಳುತ್ತಿದ್ದರು. ಮೊದಮೊದಲು ಕೊನೆಯ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ಓದಿದರು. ಆದರೆ ಜನ ಕೇಳುತ್ತಿದ್ದದ್ದು ಆ ಸಾಲಿನ ಬಗ್ಗೆಯೇ. ಸ್ನೇಹಸಿಂಧು ಎಲ್ಲರ ಮನೆಯಲ್ಲೂ ಒಬ್ಬರಿದ್ದಾರೆ. ತಿಂಗಳು ಕಳೆಯುವುದರೊಳಗೆ ಅವರೇ ಅದರ ಮೇಲೆ ಬೆರಳಿಟ್ಟು, ಇದು ಸಾಧಾರಣ ಅಲರ್ಜಿ ಅಲ್ಲ ಮಾರಾಯ್ರೆ, ಎರಡು ಇಂಜೆಕ್ಷನ್ ಬೇಕಾಯಿತು ಎನ್ನತೊಡಗಿದರು. ಬಡಾಯಿಗೆ ಒಂದು ಹೊಸ ವಿಷಯ ಸಿಕ್ಕಿತ್ತು. ಈ ನಡುವೆ ತಜ್ಞರೊಬ್ಬರು ಪರೀಕ್ಷೆ ಮಾಡಿ ಸಿಗಡಿ ನಿರ್ದೋಷಿ ಎಂದರು. ಜಯಲತಾ ಅದೇ ಸಂಜೆ ಸುಕ್ಕ ಮಾಡಿ, ಮೊದಲ ತಟ್ಟೆಯನ್ನು ತಾನೇ ಬಡಿಸಿಕೊಂಡು ಕೂತಳು.

ಮಳೆಗಾಲಕ್ಕೆ ಮುಂಚೆ ಇನ್ನೊಂದು ದವಡೆ ಹಲ್ಲು ಕೈಕೊಟ್ಟಿತು. ಅನುಷ್ಕಾ ಅಪ್ಪ ಅಮ್ಮನನ್ನು ಕಾರಿನಲ್ಲಿ ಘೋಡಬಂದರ್ ರಸ್ತೆಯ ದಂತವೈದ್ಯರಲ್ಲಿಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರು ಮರಾಠಿಯವರು. ಕುರ್ಚಿಯನ್ನು ಹಿಂದಕ್ಕೆ ಒರಗಿಸುವ ಮೊದಲು, ಯಾವುದಾದರೂ ಔಷಧಿಯ ಅಲರ್ಜಿ ಇದೆಯೇ ಎಂದು ಕೇಳಿದರು. ಜಯಲತಾ ಬಾಯಿ ತೆರೆದಳು. ಅಷ್ಟರಲ್ಲಿ ಸಾಲ್ಯಾನರು ಕೈ ಎತ್ತಿ ಅವಳನ್ನು ತಡೆದು, ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡರು.

‘ಕನ್ನಡಾಂಬೆಯ ಹೆಮ್ಮೆಯ ಕುವರ, ಅನ್ನದಾನ ಧುರಂಧರ...’ ಎಂದು ಶುರು ಮಾಡಿದರು. ಪತ್ರ ಪೂರ್ತಿ ಬಾಯಿಪಾಠವಾಗಿತ್ತು. ಒಂದೊಂದು ವಿಶೇಷಣ ಮುಗಿದಂತೆ ಅದರ ಮರಾಠಿ ಅರ್ಥವನ್ನೂ ಕೊಡುತ್ತ ಹೋದರು. ಡಾಕ್ಟರು ಕೈಗವಸು ಹಾಕಿದ ಕೈಗಳನ್ನು ಗಾಳಿಯಲ್ಲಿ ಹಿಡಿದು ಕಾದರು. ಪಡುಗಡಲ ಮುತ್ತು ಬಂತು, ಹೋಯಿತು. ಕೊನೆಗೆ ಆ ಸಾಲು ಬಂತು. ಹೆಬ್ಬೆರಳಿಲ್ಲದೆ, ದಪ್ಪ ಅಕ್ಷರದಲ್ಲಿ ಬಂತು. ಡಾಕ್ಟರು ತಲೆಯಾಡಿಸಿ, ಕಡತದ ನೆತ್ತಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಂಡರು.

ಜಯಲತಾಳ ಮುಖ ಕೆಂಪಾಯಿತು, ಕಣ್ಣಿನಿಂದ ನೀರು ಇಳಿಯಿತು. ಏನೋ ಹೇಳಹೋದರೆ ಸ್ವರ ಕಟ್ಟಿ ಹೊರಡಲಿಲ್ಲ. ಅನುಷ್ಕಾ ಗಾಬರಿಯಾಗಿ ಅಮ್ಮನ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು, ತುಟಿ ನೋಡಿದಳು. ‘ಮಮ್ಮಿ, ಖುಜ್ಲೀ ಹೋ ರಹೀ ಹೈ ಕ್ಯಾ? ಸುಬಹ್ ಕೋಯಿ ಗೋಲಿ ಲೀ ಥೀ?’ ಎಂದಳು. ತುರಿಸುತ್ತಿದೆಯಾ, ಬೆಳಿಗ್ಗೆ ಏನಾದರೂ ಮಾತ್ರೆ ತಗೊಂಡಿದ್ದೆಯಾ.

‘ಇಲ್ಲ ಮಗಾ,’ ಎಂದಳು ಜಯಲತಾ. ‘ಇದು ಬರೀ ಅಳು.’